ಫ್ಯಾನ್ ಇಲ್ಲದ ಕೋಣೆ

ಮಗಳು ಸ್ವಿಚ್ಚನ್ನು ಮೂರು ಸಲ ಒತ್ತಿದರೂ ಫ್ಯಾನ್ ತಿರುಗಲಿಲ್ಲ. ನಡುಮನೆಯಲ್ಲಿ ಅಮ್ಮನ ದೇಹವನ್ನು ಮಲಗಿಸಿದ್ದರು. ಅಲ್ಲಿ ಜಾಗ ಸಾಲದೆ, ಬಂದವರನ್ನು ಅಮ್ಮನ ಕೆಲಸದ ಕೋಣೆಯಲ್ಲಿ ಕೂರಿಸಬೇಕಾಗಿತ್ತು.

"ಸುಮ್ನೆ ಒತ್ತಬೇಡ," ಎಂದರು ಚಿಕ್ಕಮ್ಮ, ಕುತ್ತಿಗೆ ಒರೆಸಿಕೊಳ್ಳುತ್ತ. "ಅದರ ವೈರನ್ನ ನಿಮ್ಮಮ್ಮನೇ ಕಿತ್ತುಹಾಕಿದ್ದು. ಬೇಸಿಗೇಲಿ ನಿಮ್ಮಪ್ಪ ಇತ್ತ ತಲೆ ಹಾಕ್ತಿರಲಿಲ್ಲ. 'ನಿಮ್ಮಕ್ಕನ ಒಲೆ' ಅಂತಿದ್ರು."

"ಯಾಕೆ ಕಿತ್ತಿದ್ದು ಚಿಕ್ಕಮ್ಮ?"

"ಹಟ. ಇನ್ನೇನು?"

ಬಾಗಿಲಲ್ಲಿ ಅಮ್ಮನ ಕಾರ್ಖಾನೆಯ ಕಿರಿಯ ಇಂಜಿನಿಯರ್ ನಿಂತಿದ್ದಳು. ಅತ್ತು ಕಣ್ಣು ಊದಿತ್ತು. ಕಂಕುಳಲ್ಲಿ ಒಂದು ರಟ್ಟಿನ ಡಬ್ಬ, ಅದರೊಳಗೆ ಹಸಿರು ಸರ್ಕ್ಯೂಟ್ ಬೋರ್ಡು.

"ಅಕ್ಕ, ಇವತ್ತು ಕೇಳಬಾರದು. ಆದ್ರೆ ನಾಳೆ ಇದು ಸರಿಯಾಗದಿದ್ರೆ ಮೇಡಂ ಮಾಡಿದ ಯಂತ್ರವನ್ನೇ ಕೈಬಿಡ್ತಾರಂತೆ."

ದಿನ ತುಂಬದೆ ಹುಟ್ಟಿದ ಮಕ್ಕಳನ್ನು ತೂಗುವ ಯಂತ್ರ ಅದು. ಅಮ್ಮನ ಕೊನೆಯ ಆರು ವರ್ಷ ಅದಕ್ಕೇ ಹೋಗಿತ್ತು. ಮಗುವಿನ ಭಾರಕ್ಕೆ ಹುಟ್ಟುವ ಅತಿ ಸಣ್ಣ ವೋಲ್ಟೇಜನ್ನು ಆಂಪ್ಲಿಫೈಯರ್ ಹಿಗ್ಗಿಸಬೇಕು, ಕನ್ವರ್ಟರ್ ಅದನ್ನು ಅಂಕಿಯಾಗಿಸಬೇಕು.

"ಈ ಕೋಣೇಲಿ ಅಂಕಿ ಕಲ್ಲಿನ ಹಾಗೆ ನಿಲ್ತಿತ್ತು ಅಂತ ಮೇಡಂ ಬರೆದಿದ್ದಾರೆ. ನಮ್ಮ ಮೇಜಿನ ಮೇಲೆ ಕುಣಿಯುತ್ತೆ. ಚಿಪ್ ಬದಲಿಸಿದೆ, ಗ್ರೌಂಡ್ ವೈರೆಲ್ಲ ಒಂದೇ ಕಡೆ ತಂದು ಸೇರಿಸಿದೆ. ಜಪ್ಪಯ್ಯ ಅಂದ್ರೂ ನಿಲ್ಲಲ್ಲ. ಇಲ್ಲಿ ಮೇಡಂ ಬೇರೆ ಏನು ಮಾಡ್ತಿದ್ರು ಅಕ್ಕ?"

ಅಮ್ಮನಿಗೆ ಏನು ಕೆಲಸ ಎಂದು ಯಾರು ಕೇಳಿದರೂ "ಏನೋ ಸರ್ಕ್ಯೂಟು" ಎಂದು ಹೇಳಿಯೇ ಬೆಳೆದವಳು ಮಗಳು.

*

ಮೂರು ವರ್ಷದ ಹಿಂದೆ ಅವಳೊಂದು ಟೇಬಲ್ ಫ್ಯಾನ್ ತಂದಿದ್ದಳು. ಹಾಕಿದ ಕೂಡಲೇ ಅಮ್ಮ ಕೈಚಾಚಿ ಆರಿಸಿದರು.

"ಬೇಡ ಕಣೇ, ಈ ಬೋರ್ಡಿಗೆ ಗಾಳಿ ಆಗಲ್ಲ."

"ನಿನಗೆ?"

"ನನಗೇನು, ಅಭ್ಯಾಸ ಆಗಿದೆ."

ಆ ಹಸಿರು ಬೋರ್ಡಿಗಿರುವ ಮರ್ಯಾದೆ ತನಗಿಲ್ಲವೆಂದು ಮಗಳು ಎರಡು ತಿಂಗಳು ಫೋನ್ ಮಾಡಲಿಲ್ಲ. ಅಮ್ಮ ಮಾಡುತ್ತಲೇ ಇದ್ದರು.

*

"ನಿಮ್ಮ ಮೇಜಿನ ಹತ್ತಿರ ಫ್ಯಾನ್ ಇದೆಯಾ?" ಎಂದು ಕೇಳಿದಳು ಮಗಳು.

"ಎ.ಸಿ. ಇದೆ ಅಕ್ಕ. ಸರಿಯಾಗಿ ಬೋರ್ಡಿನ ಮೇಲೇ..." ಕಿರಿಯಳ ಮಾತು ಅಲ್ಲೇ ನಿಂತಿತು. "ಅಯ್ಯೋ, ನನ್ನ ಬುದ್ಧಿಗಿಷ್ಟು! ಬೆಸುಗೆ ಇರೋ ಕಡೆ ಎರಡು ಲೋಹ ಸೇರುತ್ತೆ. ಗಾಳಿ ತಾಗಿ ಒಂದು ಬದಿ ತಣ್ಣಗಾದ್ರೆ ಅಲ್ಲೇ ಚೂರು ವೋಲ್ಟೇಜ್ ಹುಟ್ಟುತ್ತೆ. ಅದು ಮಗುವೋ ಗಾಳಿಯೋ ಆಂಪ್ಲಿಫೈಯರಿಗೇನು ಗೊತ್ತು? ಎರಡನ್ನೂ ಹಿಗ್ಗಿಸಿಬಿಡುತ್ತೆ."

"ಅಂದ್ರೆ ನಮ್ಮಕ್ಕ ಹಟಮಾರಿ ಅಲ್ಲ ಅಂತೀಯಾ?" ಎಂದರು ಚಿಕ್ಕಮ್ಮ.

"ಹಟಮಾರಿನೇ ಚಿಕ್ಕಮ್ಮ. ಬೇರೆಯವರು ಬೋರ್ಡಿಗೆ ಮುಚ್ಚಳ ಹಾಕ್ತಾರೆ. ಇವರು ಬೋರ್ಡಿನ ಮೇಲೆ ಕೈಯಾಡಿಸೋಕೆ ಬೇಕು ಅಂತ ಕೋಣೆಗೇ ಮುಚ್ಚಳ ಹಾಕಿದ್ರು."

ಚಿಕ್ಕಮ್ಮನಿಗೆ ನಗು ಬಂತು. ಜೊತೆಗೇ ಅಳುವೂ ಬಂತು.

ಮಗಳು ಕಿಟಕಿ ಮುಚ್ಚಿದಳು. ಅಲ್ಲಿ ಕುಳಿತಿದ್ದ ಇಬ್ಬರು ನೆಂಟರನ್ನು ನಡುಮನೆಗೆ ಕಳಿಸಿ ಬಾಗಿಲು ಎಳೆದಳು. ಕಿರಿಯಳು ಬೋರ್ಡಿಗೆ ಬ್ಯಾಟರಿ ಜೋಡಿಸಿದಳು. ಅಂಕಿಗಳು ಕುಣಿದವು, ಬರಬರುತ್ತ ನಿಧಾನವಾದವು. ಕೊನೆಯದೊಂದು ಮಾತ್ರ ಇನ್ನೂ ತಡವರಿಸುತ್ತಿತ್ತು.

"ನಿಂತಿತಾ?" ಎಂದು ಚಿಕ್ಕಮ್ಮ ಬಗ್ಗಿದ್ದೇ ತಡ, ಎಲ್ಲವೂ ಮತ್ತೆ ಅಲುಗಿದವು.

"ಉಸಿರು ತಾಗ್ತಿದೆ, ಚಿಕ್ಕಮ್ಮ," ಕಿರಿಯಳು ಪಿಸುಗುಟ್ಟಿದಳು.

ಚಿಕ್ಕಮ್ಮ ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ಅಮ್ಮನನ್ನು ಒಯ್ಯುವ ಗಾಡಿ ಬಂತೆಂದು ಹೊರಗೆ ಯಾರೋ ಕೂಗಿದರು. ಒಳಗೆ, ಗಲ್ಲದ ಮೇಲೆ ಬೆವರಿಳಿಯುತ್ತಿದ್ದ ಮೂವರು ಹೆಂಗಸರು ಉಸಿರು ಬಿಗಿಹಿಡಿದು, ಒಂದೊಂದಾಗಿ ಸೊನ್ನೆಗೆ ಬಂದು ನಿಲ್ಲುತ್ತಿದ್ದ ಅಂಕಿಗಳನ್ನೇ ನೋಡುತ್ತಿದ್ದರು.