ಹಳದಿ ಹಣೆಯ ಟಗರು

ಮತ್ತೆ ಅದೇ ಮೆಲುಕಿನ ಸದ್ದು, ಇಷ್ಟು ಜನರ ಗದ್ದಲದಲ್ಲಿ ಮಾಯವ್ವನ ಕಿವಿಗೆ ಅದೊಂದೇ ಹೇಗೆ ಬೀಳುತ್ತದೋ, ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಹಣೆತುಂಬ ಭಂಡಾರದ ಅರಿಸಿನ ಬಳಿಸಿಕೊಂಡು ಹಳದಿಯಾಗಿ ನಿಂತಿದೆ ಟಗರು, ನಲವತ್ತು ಕುರಿ ಮಣ್ಣಿಗೆ ಹೋದ ಮೇಲೂ ಮೆಲುಕು ಹಾಕುತ್ತ, ನಾಚಿಕೆಗೆಟ್ಟದ್ದು — ಅಯ್ಯೋ, ಅನ್ನಬಾರದು, ದೇವರಿಗೆ ಬಿಟ್ಟದ್ದು, ಒಮ್ಮೆಯೂ ಉಣ್ಣೆ ಕತ್ತರಿಸದೆ, ತಾಯಿ ಸತ್ತ ಮರಿಯನ್ನು ಮಡಿಲಲ್ಲಿಟ್ಟು ತಾನೇ ಹಾಲು ಕುಡಿಸಿ ಬೆಳೆಸಿದ್ದು, ಬಂಗಾರದಂಥ ಹಿಂಡು ಕೊಟ್ಟೆಯಲ್ಲ ತಂದೆ, ಇದು ನಿನ್ನದು ಎಂದು ಒಪ್ಪಿಸಿದ್ದು. ಆಗ ಎಂಥ ದನಿಯಿತ್ತು ಅವಳಿಗೆ, ಪೂಜಾರಿ ಅಲ್ಲಪ್ಪ ಬಿರೋಬಾಚ್ಯಾ ನಾವಾನಂ ಎಂದು ಬೀರಪ್ಪನ ಹೆಸರೆತ್ತಿ ಕೂಗಿ ಬಾಯಿ ಮುಚ್ಚುವುದರೊಳಗೆ ಚಾಂಗಭಲಂ, ಎಲ್ಲ ಒಳ್ಳೆಯದಾಗಲಿ, ಎಂದು ಎಲ್ಲರಿಗಿಂತ ಮೊದಲು ಓಗೊಡುತ್ತಿದ್ದಳು, ಗಡಹಿಂಗ್ಲಜ ಪ್ಯಾಟಿಗೆ ಕೇಳಿಸಬೇಕೇನ ಎಂದು ನೆರೆಮನೆಯ ನಾಗೂಬಾಯಿ ನಗುತ್ತಿದ್ದಳು. ಎಪ್ಪತ್ತೆರಡರ ಬರದಲ್ಲಿ ಮೇವಿಲ್ಲದೆ ಆಜರಾ ಗುಡ್ಡಕ್ಕೆ ಹಿಂಡು ಹೊಡೆದುಕೊಂಡು ಹೋದಾಗ ಹೊಟ್ಟೆಗಿಲ್ಲದೆಯೂ ಓಗೊಟ್ಟಳು, ಒಂದು ಕುರಿಯೂ ಸಾಯಲಿಲ್ಲ, ನೋಡು, ಬೀರಪ್ಪ ಕೇಳಿಸಿಕೊಂಡ, ಎಂದಿದ್ದಳು ಗಂಡ ಕಾಡಸಿದ್ದನಿಗೆ.

ಕೇಳಿಸಿಕೊಂಡನಂತೆ. ಈ ಸಲ ಟಗರನ್ನು ಪರವೂರಿನ ಬೀರಪ್ಪನಿಗೆ ಭೇಟಿ ಮಾಡಿಸಲು ಒಯ್ದರು, ಎಂಟು ಊರಿನ ದೇವರ ಟಗರುಗಳು ಅಲ್ಲಿ ಮೈಗೆ ಮೈ ಹಚ್ಚಿ ನಿಂತಿದ್ದವು, ಮರಳಿ ಬಂದ ವಾರಕ್ಕೆ ಇದರ ಕಿವಿಯ ಬುಡದಲ್ಲಿ ನಾಲ್ಕು ಗುಳ್ಳೆ, ಸಿಡುಬು ಎಂದ ದನದ ಡಾಕ್ಟರು, ಇವತ್ತೇ ಇದನ್ನು ಹಿಂಡಿನಿಂದ ದೂರ ಕಟ್ಟಿ ಎಂದ, ಕಾಡಸಿದ್ದ ಹಗ್ಗವನ್ನೂ ತಂದ — ಬೇಡ ಅಂದವಳು ಯಾರು, ತಾನೇ. ದೇವರನ್ನ ಹೊರಗ ಕಟ್ಟತಾರೇನ್ರಿ, ನಟ್ಟನಡುವ ಇರಲಿ, ಅಂವಾ ನಡುವ ಇದ್ರ ಹಿಂಡಿಗೆ ಯಾವ ಪೀಡಾನೂ ಹತ್ತಂಗಿಲ್ಲ. ಕಾಡಸಿದ್ದನ ಕೈಯಿಂದ ಹಗ್ಗ ಕಸಿದು ದೊಡ್ಡಿಯ ನಡುಗೂಟಕ್ಕೆ ತನ್ನ ಕೈಯಾರೆ ಕಟ್ಟಿದಳು, ಮೊದಲು ಸುತ್ತಲಿನವು ಬಿದ್ದವು, ಆಮೇಲೆ ಅಂಚಿನವು, ಬಸುರಿ ಕುರಿ ಚಂದ್ರಿಯ ಕಣ್ಣು ಕೀವು ಕಟ್ಟಿ ಮುಚ್ಚಿಹೋದಾಗ ಅದರ ಹಣೆಗೂ ಭಂಡಾರ ಹಚ್ಚಿ ಓಗೊಟ್ಟಳು, ಚಾಂಗಭಲಂ, ಚಾಂಗಭಲಂ, ಚಂದ್ರಿ ಅವಳ ತೊಡೆಯ ಮೇಲೆಯೇ ಕಾಲು ಚಾಚಿತು, ಹೊಟ್ಟೆಯೊಳಗಿನ ಮರಿ ಇನ್ನೂ ಸ್ವಲ್ಪ ಹೊತ್ತು ಮಿಸುಕಾಡುತ್ತಿತ್ತು. ನಡುಗೂಟದಲ್ಲಿ ಗುಳ್ಳೆ ಒಣಗಿಸಿಕೊಂಡು, ಹಳದಿ ಹಣೆ ಎತ್ತಿ, ಮೆಲುಕು ಹಾಕುತ್ತಿತ್ತು ಇದು.

ಈಗ ಊರೆಲ್ಲ ಸೇರಿದೆ, ದೇವರು ತನ್ನದನ್ನ ಉಳಿಸಿಕೊಂಡಾನ ನೋಡ್ರಿ ಎನ್ನುತ್ತಾನೆ ಅಲ್ಲಪ್ಪ ಹೆಮ್ಮೆಯಿಂದ — ಹೌದು, ತನ್ನದನ್ನು, ತನ್ನದನ್ನಷ್ಟೇ, ನಂಬಿದವಳ ದೊಡ್ಡಿಗೆ ರೋಗ ಹೊರಿಸಿ ಕಳಿಸಿ ತನ್ನದೊಂದನ್ನು ಜೋಪಾನ ಮಾಡಿಕೊಂಡ, ನಾಳೆ ಕಾಡಸಿದ್ದ ಇಚಲಕರಂಜಿಯ ಮಗ್ಗಕ್ಕೆ ಕೂಲಿಗೆ ಹೋಗುತ್ತಾನೆ, ಹುಟ್ಟಿದಾರಭ್ಯ ಸೂರಿನ ಕೆಳಗೆ ದುಡಿಯದವನು. ಓಗೊಡುವುದಿಲ್ಲ. ಬೆಳಗಿನಿಂದ ಹಲ್ಲು ಕಚ್ಚಿಕೊಂಡೇ ಇದ್ದಾಳೆ. ಟಗರು ಬಿಟ್ಟ ಮನೆಯವರು ಓಗೊಡದಿದ್ದರೆ ದೇವರನ್ನು ತೊರೆದಂತೆ, ಊರಿಗೆಲ್ಲ ಗೊತ್ತು, ಗೊತ್ತಾಗಲಿ, ಅವನಿಗೂ ಗೊತ್ತಾಗಲಿ. ಬರೇ ಒಂದ ಸಲ ಅಂದುಬಿಡ, ನನ್ನ ಸಲುವಾಗಿ, ಎಂದು ಕಾಡಸಿದ್ದ ಮೊಣಕೈ ಮುಟ್ಟುತ್ತಾನೆ, ಅವಳು ಕೈ ಎಳೆದುಕೊಳ್ಳುತ್ತಾಳೆ, ಚಂದ್ರಿಯ ಹೊಟ್ಟೆಯ ಆ ಮಿಸುಕಾಟ ಇನ್ನೂ ತೊಡೆಯ ಮೇಲಿದೆ, ಇಲ್ಲ, ಸತ್ತರೂ ಇಲ್ಲ, ಅಲ್ಲಪ್ಪ ಮುಷ್ಟಿ ತುಂಬ ಭಂಡಾರ ಎತ್ತುತ್ತಾನೆ, ಬಿರೋಬಾಚ್ಯಾ ನಾವಾನಂ —

ಚಾಂಗಭಲಂ. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ, ಯಾರ ದನಿ ಅದು, ನಾಗೂಬಾಯಿ ಕಣ್ಣೊರೆಸಿಕೊಳ್ಳುತ್ತಿದ್ದಾಳೆ, ಕಾಡಸಿದ್ದ ಕೈ ಮುಗಿಯುತ್ತಿದ್ದಾನೆ, ತನ್ನದೇ ನಾಲಿಗೆ, ಮೂವತ್ತು ವರ್ಷ ತಾನೇ ಪಳಗಿಸಿದ ನಾಲಿಗೆ ಆ ದೇವರ ಕಡೆ ಸೇರಿಕೊಂಡಿತಲ್ಲ — ಸಾಕಿದವಳ ದನಿ ಗುರುತು ಹಿಡಿದು ಟಗರು ಕಟ್ಟೆ ಇಳಿದು ಬರುತ್ತಿದೆ, ಬಂತು, ಮರಿಯಾಗಿದ್ದಾಗ ಮಾಡುತ್ತಿದ್ದಂತೆ ಅವಳ ಹೊಟ್ಟೆಗೆ ಹಣೆ ಒತ್ತಿ ನಿಂತಿತು, ಸೀರೆಯ ಮೇಲೆ ಹಳದಿ, ಹಳದಿ ಹಣೆ, ಅದರ ಕೆಳಗೆ ದವಡೆ ಆಡುತ್ತಿದೆ, ಮೆಲುಕು, ಮೆಲುಕು