ವಸಂತಿ ಟೀಚರ ಮಾದರಿ ಪಾಠ

ಹಿಂದಿನ ಬೆಂಚು ಸಣ್ಣದಾಯಿತು ಪಾಪ, ಕಾರ್ಕಳದ ಜಿತೇಂದ್ರ ಮಾಸ್ಟ್ರ ಮೊಣಕಾಲು ಡೆಸ್ಕಿನ ಅಡಿಗೆ ಹೋಗದೆ ಹೊರಗೇ ಉಳಿದಿದೆ, ಚಿಕ್ಕ ಬಾಣಲೆಯಲ್ಲಿ ದೊಡ್ಡ ಬಂಗುಡೆ ಮೀನು ಇಟ್ಟ ಹಾಗೆ — ಛೆ, ಭಟ್ರ ಮನೆಯ ಹೆಂಗಸಿನ ತಲೆಗೆ ಬಂಗುಡೆ ಎಲ್ಲಿಂದ ಬಂತು, ಬರಲಿ, ಹೋಲಿಕೆಗೆ ಎಂತ ಮಡಿ ಎಂತ ಮೈಲಿಗೆ, ವಸಂತಿ ಟೀಚರು ಚಾಕ್‌ಪೀಸನ್ನು ಎರಡು ಬೆರಳ ನಡುವೆ ಉರುಳಿಸುತ್ತ ಒಳಗೊಳಗೇ ನಕ್ಕರು, ಉಡುಪಿ ಕಾಪು ಕಾರ್ಕಳ ಎಂದು ಎಲ್ಲೆಲ್ಲಿಂದಲೋ ಕನ್ನಡ ಕಲಿಸುವವರು ಬಂದು ಇನ್ನಂಜೆಯ ಈ ಹತ್ತನೇ ಕ್ಲಾಸಿನ ಹಿಂದೆ ಮುದುಡಿ ಕೂತಿದ್ದಾರೆ, ಟೀಚರ ಮಾದರಿ ಪಾಠ ನೋಡಲಿಕ್ಕೆ, ಅಲಂಕಾರವನ್ನು ವಸಂತಿ ಟೀಚರು ಕಲಿಸಿದ ಹಾಗೆ ಕಲಿಸಬೇಕು ಎಂದು ಶಿಕ್ಷಣ ಇಲಾಖೆಯ ಸಾಹೇಬರೇ ಮೀಟಿಂಗಿನಲ್ಲಿ ಹೇಳಿದ ಮೇಲೆ ಬಾರದೆ ಎಲ್ಲಿ ಹೋಗುತ್ತಾರೆ, ಬೋರ್ಡಿನಲ್ಲಿ ನಾಲ್ಕು ಮನೆ ಗೀಚಿ ಆಗಿದೆ, ಯಾವುದನ್ನು ಹೋಲಿಸುತ್ತೇವೋ ಅದು ಉಪಮೇಯ, ಯಾವುದಕ್ಕೆ ಹೋಲಿಸುತ್ತೇವೋ ಅದು ಉಪಮಾನ, ಅಂತೆ, ಹಾಗೆ ಎಂಬುದು ವಾಚಕ ಪದ, ಎರಡಕ್ಕೂ ಹೊಂದುವ ಗುಣ ಸಮಾನ ಧರ್ಮ, ನಾಲ್ಕೂ ಮನೆ ತುಂಬಬೇಕು, ಒಂದು ಖಾಲಿ ಬಿಟ್ಟರೂ ಟೀಚರು ಬಿಡುವವರಲ್ಲ, ಮುಖ ಚಂದ್ರನಂತೆ ಎಂದು ಯಾರಾದರೂ ಹೇಳಿದರೆ ಆ ಚಂದ್ರನನ್ನು ಇವತ್ತೇ ಮುಳುಗಿಸುತ್ತೇನೆ, ಪುಸ್ತಕದ್ದು ಬೇಡ, ಮನೆಯಲ್ಲಿ ಕಣ್ಣಾರೆ ಕಂಡದ್ದನ್ನು ತನ್ನಿ, ಕಥೆಗೂ ಅದೇ ಮಾತು, ಕೋಪ ಬಂತು ಎಂದು ಬರೆಯಬೇಡಿ, ಕೋಪ ಬಂದವನ ಕೈ ಏನು ಮಾಡಿತು, ಅದನ್ನು ಬರೆಯಿರಿ, ಹೋಲಿಕೆ ತಾಗಬೇಕು ಮಕ್ಕಳೇ, ತಾಗದಿದ್ದರೆ ಅದು ಹೋಲಿಕೆಯಲ್ಲ, ಹರ್ಷಿತ್ ಏಳು, ಹೆಡ್‌ಮಾಸ್ಟ್ರ ಸ್ಕೂಟರ್ ಸ್ಟಾರ್ಟ್ ಆಗುವುದು ನಮ್ಮ ಅಜ್ಜ ಕೆಮ್ಮಿದ ಹಾಗೆ ಟೀಚರ್, ಹಿಂದಿನ ಬೆಂಚುಗಳೆಲ್ಲ ನಕ್ಕವು, ಬಾಗಿಲಲ್ಲಿ ನಿಂತ ಹೆಡ್‌ಮಾಸ್ಟ್ರೂ ನಗಲೇಬೇಕಾಯಿತು, ಹಾಗಾದರೆ ಸಮನ್ವಯ ಹೇಳಿ ಎಂದದ್ದೇ ಇಡೀ ಕ್ಲಾಸು ಭಜನೆಯ ಹಾಗೆ, ಉಪಮೇಯವಾದ ಸ್ಕೂಟರಿನ ಸದ್ದನ್ನು ಉಪಮಾನವಾದ ಅಜ್ಜನ ಕೆಮ್ಮಿಗೆ ಹೋಲಿಸಿರುವುದರಿಂದ ಇದು ಉಪಮಾಲಂಕಾರ, ಆಹಾ, ಜಿತೇಂದ್ರ ಮಾಸ್ಟ್ರು ತಲೆದೂಗುತ್ತಿದ್ದಾರೆ, ಇದೇ ಬಿಸಿಯಲ್ಲಿ ಮುಂದಿನದ್ದು, ಯಾರು, ಕಿಟಕಿಯ ಹತ್ತಿರ ಒಂದು ಕೈ ಮೇಲೆದ್ದಿದೆ, ಆಶ್ರಿತಾ, ಎಂದೂ ಕೈ ಎತ್ತದ ಹುಡುಗಿ, ಟೀಚರ ಮನೆಗೆ ಕೆಲಸಕ್ಕೆ ಬರುವ ಸುಗಂಧಿಯ ಮಗಳು, ಮೊನ್ನೆ ಇವಳನ್ನೇ ಎದುರಿಗೆ ನಿಲ್ಲಿಸಿ ಉದಾಹರಣೆ ಕೊಟ್ಟದ್ದು, ಆಶ್ರಿತಾಳ ಮೈಮೇಲೆ ಯೂನಿಫಾರ್ಮು ಗದ್ದೆಯಲ್ಲಿ ಹಕ್ಕಿ ಓಡಿಸುವ ಬೆರ್ಚಪ್ಪನಿಗೆ ಹಾಕಿದ ಅಂಗಿಯಂತೆ, ಎಂಥ ನಗು ಬಂದಿತ್ತು ಕ್ಲಾಸಿಗೆ, ಅಂದಿನಿಂದ ಗಂಡು ಮಕ್ಕಳು ಅವಳನ್ನು ಬೆರ್ಚಪ್ಪ ಎಂದೇ ಕರೆಯುವುದಂತೆ, ಕರೆಯಲಿ, ಹೋಲಿಕೆ ಅಷ್ಟು ಚೆನ್ನಾಗಿ ಕೂತಿದೆ ಎಂದಾಯಿತಲ್ಲ, ಹೇಳು ಮಗಾ, ಗಟ್ಟಿ ಸ್ವರದಲ್ಲಿ.

ಅವರು ಗಂಡನಿಗೆ ಗಂಜಿ ತಿನ್ನಿಸುವುದು ಬಚ್ಚಲ ಒಲೆಗೆ ತೆಂಗಿನ ಸಿಪ್ಪೆ ತುರುಕಿದ ಹಾಗೆ — ಚೆನ್ನಾಗಿದೆ, ಹೊಸತು, ಎಂದು ನಾಲಿಗೆ ಹೇಳಿಯೂ ಆಯಿತು, ಕಿವಿಯ ಸುದ್ದಿ ನಾಲಿಗೆಗೆ ಮುಟ್ಟುವುದು ತಡ, ಅದು ತನ್ನ ಹಳೆಯ ದಾರಿಯಲ್ಲಿ ಮುಂದೆ ಹೋಯಿತು, ವಾಕ್ಯ ಒಳ್ಳೆಯದು, ಆದರೆ ಉಪಮೇಯ ಸ್ಪಷ್ಟ ಇಲ್ಲ, ಅವರು ಅಂದರೆ ಯಾರು, ಮನೆ ಖಾಲಿ ಬಿಡಬಾರದು, ಹೇಳು, ನೀವು ಟೀಚರ್, ಅಂದಳು ಹುಡುಗಿ, ಕೇಳಿದ್ದಕ್ಕೆ ಉತ್ತರ ಕೊಟ್ಟಳು ಅಷ್ಟೆ, ದನಿಯಲ್ಲಿ ಏರೂ ಇಲ್ಲ ಇಳಿವೂ ಇಲ್ಲ, ಅಯ್ಯೋ ಮಾರಾಯ್ರೆ ಟೀಚರನ್ನೇ ಹಿಡಿದಳಲ್ಲ ಎಂದು ಜಿತೇಂದ್ರ ಮಾಸ್ಟ್ರು ಡೆಸ್ಕು ತಟ್ಟಿ ನಕ್ಕರು, ಇದೂ ಪಾಠದ ತಮಾಷೆ ಎಂದು ತಿಳಿದರು, ನಗಬೇಕು, ನಗದಿದ್ದರೆ ನಿಜವಾಗುತ್ತದೆ, ಟೀಚರು ನಕ್ಕು ಬೋರ್ಡಿಗೆ ತಿರುಗಿದರು, ಉಪಮೇಯ ಎಂಬ ಮನೆಯಲ್ಲಿ ನಾನು ಎಂದು ಬರೆಯುವಾಗ ಚಾಕ್‌ಪೀಸು ಮುರಿಯಿತು — ಭಾನುವಾರ, ಇವಳು ಹಿಂಬಾಗಿಲಲ್ಲಿ ತೊಂಡೆಕಾಯಿಯ ಪ್ಲಾಸ್ಟಿಕ್ ತೊಟ್ಟೆ ಹಿಡಿದು ನಿಂತಿದ್ದಳು, ಅಲ್ಲೇ ಇಟ್ಟು ಹೋಗು ಅಂದಿದ್ದೆ, ಹೋಗಲಿಲ್ಲ ಹಾಗಾದರೆ, ನಿಂತು ನೋಡಿದಳು, ಚಮಚ ಹಲ್ಲಿಗೆ ತಾಗಿದ್ದನ್ನು, ಗಂಜಿ ಗಲ್ಲಕ್ಕೆ ಇಳಿದದ್ದನ್ನು, ಇಳಿದದ್ದನ್ನು ಚಮಚದಲ್ಲೇ ಬಾಚಿ ಮತ್ತೆ ಒಳಗೆ ತಳ್ಳಿದ್ದನ್ನು, ಪಕ್ಷವಾತ ಬಡಿದು ಮಣಿಪಾಲದ ಆಸ್ಪತ್ರೆಯಿಂದ ತಂದು ಮಲಗಿಸಿದ ಮೇಲೆ ಮನುಷ್ಯನಿಗೆ ಬಲಗೈ ಇಲ್ಲ, ಮಾತಿಲ್ಲ, ಆ ಮಾತು, ಎಂಥ ಮಾತಾಗಿತ್ತು ಅದು, ವಸಂತಿ ಕಲಿಸುವ ಕನ್ನಡ ಅವಳು ಮಾಡುವ ಸಾರಿನ ಹಾಗೆ, ನೀರೇ ಜಾಸ್ತಿ, ಚಾವಡಿ ತುಂಬ ನೆಂಟರು ಕೂತಿದ್ದಾಗ ಹೇಳಿದ್ದು, ಎಲೆಯ ಎದುರು ಕೂತವರೆಲ್ಲ ಸಾರು ಹೀರುವುದನ್ನು ಬಿಟ್ಟು ನಕ್ಕಿದ್ದರು, ಹೃಷೀಕೇಶ ಭಟ್ರು ಬಾಯಿ ಬಿಟ್ಟರೆ ಹೋಲಿಕೆಯೇ ಉದುರುವುದು ಎಂದು ಊರಿಗೆ ಹೆಮ್ಮೆ, ಈಗ ಬಿಡಲಿ ಬಾಯಿ, ಬಿಡುತ್ತಾರಲ್ಲ, ಮೊದಮೊದಲು ತುಟಿ ಬಿಗಿ ಹಿಡಿಯುತ್ತಿದ್ದರು, ಸ್ಟೀಲಿನ ಚಮಚ ಒಂದೆರಡು ಸಲ ತುಟಿಯನ್ನು ಒಡೆದ ಮೇಲೆ ಕಲಿತರು, ಈಗ ಟೀಚರು ಅಡುಗೆಮನೆಯ ಹೊಸಿಲು ದಾಟುವಷ್ಟರಲ್ಲಿ ಬಾಯಿ ತೆರೆದಿರುತ್ತದೆ, ಚಮಚ ಹೊರಗೆ ಬಂದ ಮೇಲೂ ತೆರೆದೇ ಇರುತ್ತದೆ — ಟೀಚರ್ ಸಮಾನ ಧರ್ಮ ಖಾಲಿ ಉಂಟು, ಹರ್ಷಿತ್ ನೆನಪಿಸಿದ, ಪೋಕರಿ, ತುರುಕುವುದು ಎಂದು ತಾವೇ ಬರೆದು ಮುಗಿಸಬಹುದಿತ್ತು, ಅತಿಥಿಗಳ ಎದುರು ಹುಡುಗಿಗೆ ಹೆದರಿದ ಹಾಗಾಗಬಾರದಲ್ಲ, ಕೇಳಿದರು, ಹೇಳು ಆಶ್ರಿತಾ, ಒಲೆಗೂ ಗಂಡನಿಗೂ ಸಮಾನವಾದದ್ದು ಎಂತ, ಹುಡುಗಿ ಸ್ವಲ್ಪ ಯೋಚಿಸಿದಳು, ಹೋಲಿಕೆಯನ್ನು ಮನಸ್ಸಿಟ್ಟು ಹುಡುಕುವ ಮಕ್ಕಳ ಮುಖ ಟೀಚರಿಗೆ ಗೊತ್ತಿಲ್ಲದ್ದೇ, ಅದೇ ಮುಖ, ಇಷ್ಟು ವರ್ಷಕ್ಕೆ ಬೆರಳೆಣಿಕೆಯಷ್ಟು ಸಿಕ್ಕಿದ ಮುಖ, ಸಾಕು ಅಂತ ಹೇಳಲಿಕ್ಕೆ ಆಗುವುದಿಲ್ಲ ಟೀಚರ್, ಎರಡಕ್ಕೂ. ಯಾರೂ ನಗಲಿಲ್ಲ. ಜಿತೇಂದ್ರ ಮಾಸ್ಟ್ರು ಮೊಣಕಾಲನ್ನು ಒಳಗೆ ಎಳೆದುಕೊಳ್ಳಲು ನೋಡಿದರು, ಸಮನ್ವಯ ಎಂದು ಟೀಚರು ಹೇಳದಿದ್ದರೂ ಅಭ್ಯಾಸ ಬಲದಿಂದ ಮುಂದಿನ ಬೆಂಚು ಶುರುಮಾಡಿಬಿಟ್ಟಿತು, ಉಪಮೇಯವಾದ ಟೀಚರು ಗಂಡನಿಗೆ ಗಂಜಿ ತಿನ್ನಿಸುವುದನ್ನು, ಇಡೀ ಕ್ಲಾಸು ಸೇರಿಕೊಂಡಿತು, ಒಂದೊಂದು ಅಕ್ಷರವೂ ಸ್ಪಷ್ಟ, ಟೀಚರು ತಿದ್ದಿ ತಿದ್ದಿ ಕೂರಿಸಿದ ಉಚ್ಚಾರ, ಇದು ಉಪಮಾಲಂಕಾರ ಎಂಬಲ್ಲಿಯವರೆಗೆ ನಿಲ್ಲಲೇ ಇಲ್ಲ.

ಸ್ಟಾಫ್‌ರೂಮಿನಲ್ಲಿ ಗೋಳಿಬಜೆಯ ಎಣ್ಣೆ ವಾಸನೆ, ಬಹಳ ಲಾಯ್ಕಾಯಿತು ಟೀಚರೇ, ತಮ್ಮನ್ನೇ ಉದಾಹರಣೆಗೆ ಬಿಟ್ಟುಕೊಡುವ ಧೈರ್ಯ ನಮಗಿಲ್ಲಪ್ಪ ಎಂದು ಬಂದವರೆಲ್ಲ ಹೊಗಳುವವರೇ, ಸಂತೆಕಟ್ಟೆಯಿಂದ ಬಂದ ಡಿಂಪಲ್ ಟೀಚರು ಮಾತ್ರ ಕಪ್ಪಿನೊಳಗೆ ನೋಡುತ್ತ ನಿಮ್ಮ ಯಜಮಾನ್ರು ಈಗ ಹೇಗಿದ್ದಾರೆ ಎಂದರು, ಹಾಗೇ ಇದ್ದಾರೆ, ಎಂದು ಮೊಬೈಲು ಹಿಡಿದು ಜಗಲಿಗೆ ಬಂದದ್ದು, ಅಲ್ಲಿ ಹ್ಯಾಂಡ್‌ಪಂಪಿನ ಹತ್ತಿರ ಹುಡುಗಿ ಬುತ್ತಿಯ ಡಬ್ಬಿ ತೊಳೆಯುತ್ತಿದ್ದಾಳೆ, ಒಬ್ಬಳೇ, ಇವತ್ತು ಯಾರೂ ಬೆರ್ಚಪ್ಪ ಎನ್ನುತ್ತಿಲ್ಲ, ತಾಗಬೇಕು ಎಂದು ಹೇಳಿದ್ದು ಯಾರು, ನಾನೇ, ಈಗ ನೋಡು ತಾಗುವುದು ಹೇಗೆ ಎಂದು, ಮನೆಗೆ ಫೋನು ಹೋಯಿತು, ಸುಗಂಧೀ, ನಾಳೆಯಿಂದ ನೀನು ಬರುವುದು ಬೇಡ, ಆ ಕಡೆ ಪಾತ್ರೆಯ ಸದ್ದು ನಿಂತಿತು, ಎಂತ ತಪ್ಪಾಯಿತು ಟೀಚರೇ, ನಿನ್ನ ಮಗಳ ಹತ್ತಿರ ಕೇಳು, ಅವಳು ಎಂತ ಮಾಡಿದಳು, ಬೈಯಿರಿ, ಬೇಕಾದರೆ ಎರಡು ಹೊಡೆಯಿರಿ, ಹೊಟ್ಟೆಗೆ ಹೊಡೆಯಬೇಡಿ ಟೀಚರೇ, ಇವರು ಸುಮ್ಮನಿದ್ದರು, ಸುಮ್ಮನಿರುವುದು ಎಷ್ಟು ಸುಖ, ಗಂಜಿಯ ಬಟ್ಟಲು ಹಿಡಿದು ಮಂಚದ ಪಕ್ಕ ಸುಮ್ಮನೆ ನಿಂತ ಹಾಗೆ, ಸುಗಂಧಿ ಮೂಗು ಒರೆಸಿಕೊಂಡಳು, ನನ್ನದು ಇರಲಿ, ಭಟ್ರಿಗೆ ಮಧ್ಯಾಹ್ನ ಯಾರು ಕೊಡುವುದು, ನನ್ನ ಕೈಯಲ್ಲಿ ಜಗಿದು ಜಗಿದು ತಿನ್ತಾರೆ, ಇವತ್ತು ತೊಂಡೆಕಾಯಿ ಪಲ್ಯ ಬೇಕೆಂದು ಕಣ್ಣಲ್ಲೇ ತೋರಿಸಿ ತಿಂದರು, ಜಗಿಯುತ್ತಾರಂತೆ, ಕಣ್ಣಲ್ಲಿ ತೋರಿಸುತ್ತಾರಂತೆ, ಇವಳಿಗೆ, ನಾನೇ ಕೊಡುತ್ತೇನೆ, ಶಾಲೆಯಿಂದ ಮನೆಗೆ ಎಷ್ಟು ದೂರ, ಬಿಡುವಿನಲ್ಲಿ ಬಂದು ಕೊಡುತ್ತೇನೆ, ಫೋನು ಅವರ ಹತ್ತಿರ ಹಿಡಿ, ಸ್ಪೀಕರಿಗೆ ಹಾಕು, ಹಾಕಿದಿಯಾ, ಕೇಳಿತಾ, ನಾಳೆಯಿಂದ ಮೂರು ಹೊತ್ತೂ ನಾನೇ, ಫ್ಯಾನಿನ ಗರಗರ, ದೂರದಲ್ಲಿ ಎಲ್ಲೋ ಕೋಳಿ, ಎಂತ ಮಾಡ್ತಿದ್ದಾರೆ ಸುಗಂಧಿ, ಅಳುತ್ತಿದ್ದಾರಾ, ಇಲ್ಲ ಟೀಚರೇ, ಮತ್ತೆ, ಸುಗಂಧಿ ಸ್ವರ ಇಳಿಸಿದಳು, ಮಗುವಿನ ಎದುರು ಮಾತಾಡುವವರ ಹಾಗೆ, ಊಟ ಆದದ್ದಷ್ಟೇ, ಹೊಟ್ಟೆ ತುಂಬ ಉಂಟು, ನಿಮ್ಮ ಸ್ವರ ಕೇಳಿದ್ದೇ ಬಾಯಿ ತೆರೆದರು, ಚಮಚ ಇಲ್ಲ ಭಟ್ರೇ, ಟೀಚರು ಇಲ್ಲಿ ಇಲ್ಲ, ಫೋನಿದು ಎಂದು ತೋರಿಸಿದರೂ ಮುಚ್ಚುವುದಿಲ್ಲ, ಹಾಗೇ ಇದ್ದಾರೆ — ಹಾಗೇ, ಯಾವುದರ ಹಾಗೆ, ಬಚ್ಚಲ ಒಲೆಯ, ಅಲ್ಲ, ಗೂಡಿನಲ್ಲಿರುವ ಮರಿ ಹಕ್ಕಿಯ, ಅದು ಪುಸ್ತಕದ್ದು, ಬಾವಿಯ, ಅಲ್ಲ, ಯಾವುದರಂತೆ, ಯಾವುದೂ ಕೂರುವುದಿಲ್ಲ, ಬಾಯಿ, ತೆರೆದ ಬಾಯಿ, ಬಾಯಿ.