ತೊಟ್ಟಿಗೆ ಇಳಿಯುವ ಬಟ್ಟೆ

ಕತ್ತಿನ ಹಿಂದೆ ಆ ಮಚ್ಚೆ, ಎಳ್ಳುಕಾಳಿನಷ್ಟು, ಹುಟ್ಟಿದಾಗಿನಿಂದ ಅಲ್ಲೇ ಕೂತಿದೆ, ಮಾರಕ್ಕ ಅದರ ಪಕ್ಕದಲ್ಲೇ ಟೇಪಿನ ತುದಿ ಒತ್ತಿ ಹಿಡಿದು ಉಳಿದದ್ದನ್ನು ಕೆಳಗೆ ಬಿಟ್ಟಳು, ಹಿಮ್ಮಡಿವರೆಗೆ ಐವತ್ತೆರಡು, ಇಷ್ಟು ಉದ್ದ ಆಗಿಬಿಟ್ಟಳಾ ಇವಳು, ಮೊನ್ನೆ ಮೊನ್ನೆ ಕಾಲೇಜಿನ ಯೂನಿಫಾರಂ ಹೊಲಿದದ್ದು ಇದೇ ಕೈ — ನೆಟ್ಟಗೆ ನಿಂತ್ಕೊ ರಾಹಿ, ಉಸಿರು ಬಿಗಿ ಹಿಡೀಬ್ಯಾಡ, ಅಳತೆ ತಪ್ಪುತ್ತೆ — ತಂಗಿ ಉಸಿರು ಬಿಟ್ಟಾಗ ಬೆನ್ನು ಅಷ್ಟು ಕೆಳಗಿಳಿದದ್ದು ನೋಡಿ ಮಾರಕ್ಕನಿಗೆ ಅನಿಸುತ್ತದೆ, ಈ ಹುಡುಗಿ ಪಾವಗಡದಾಚೆಯ ಹೊಸಕೋಟೆಯಲ್ಲಿ ಬಸ್ಸು ಹತ್ತಿದಾಗಿನಿಂದ ಉಸಿರು ಹಿಡಿದುಕೊಂಡೇ ಬಂದಿದ್ದಾಳೆ, ಪಾವಗಡದಲ್ಲಿ ಬಸ್ಸು ಬದಲಾಯಿಸಿ, ಮಧುಗಿರಿಯ ಈ ಹೊಲಿಗೆ ಅಂಗಡಿವರೆಗೂ ತೊಡೆಯ ಮೇಲೆ ಬಿಳಿ ಬಟ್ಟೆಯ ಕವರು ಇಟ್ಟುಕೊಂಡು. ಪಾಪ್ಲಿನ್ ಬಟ್ಟೆ, ಅಮ್ಮನೇ ಆರಿಸಿದ್ದು, ಅಮ್ಮ ಯಾವತ್ತೂ ಒಂದು ಮೀಟರ್ ಹೆಚ್ಚೇ ತರುತ್ತಾಳೆ. ಭಾನುವಾರ ಬೆಳಗ್ಗೆ ಊರಿನ ಕ್ರೈಸ್ತ ಸಭೆಯ ಹಿಂದಿನ ಸಿಮೆಂಟ್ ತೊಟ್ಟಿಯಲ್ಲಿ ಮುಳುಗಿ ಏಳುವ ದೀಕ್ಷಾಸ್ನಾನ, ಹದಿನೇಳು ತುಂಬಿತಲ್ಲ, ಈ ಸಲ ರಾಹೇಲಳ ಸರದಿ, ಬಿಳಿ ನಿಲುವಂಗಿ ಬೇಕು, ಅದನ್ನು ಅವರಕ್ಕನೇ ಹೊಲಿಯಲಿ ಅಂತ ಅಮ್ಮ ಕಳಿಸಿದ್ದಾಳೆ, ಹಿಂಜಾರಿದವಳ ಕೈಲಿ ಹೊಲಿಸಬಾರದು ಅಂತ ಎಲ್ಲಿ ಬರೆದೈತೆ ತೋರ್ಸು ಅಂತ ಅಪ್ಪನನ್ನೇ ಕೇಳಿದಳಂತೆ. ಹಿಂಜಾರಿದವಳು, ಸಭೆಯಿಂದ ಹಿಂದಕ್ಕೆ ಜಾರಿ ಲೋಕಕ್ಕೆ ಬಿದ್ದವಳು, ಅಂದರೆ ಮಾರಕ್ಕ, ಮೂರು ವರ್ಷದಿಂದ. ಅವಳ ಜೊತೆ ಕೂತು ಉಣ್ಣಬಾರದು, ನಿಯಮ ಇರುವುದು ಅದೊಂದೇ, ಅದೂ ನೀರಿಗೆ ಇಳಿದವರಿಗೆ ಮಾತ್ರ. ರಾಹೇಲ ಇನ್ನೂ ಇಳಿದಿಲ್ಲ, ಅದಕ್ಕೇ ತಿಂಗಳಿಗೊಂದು ಸಲ ಬಂದು ಅಕ್ಕನ ಎದುರು ಕೂತು ಉಂಡು ಹೋಗುತ್ತಾಳೆ. ಇವತ್ತು ಗುರುವಾರ. ಶುಕ್ರ, ಶನಿ, ಆಮೇಲೆ — ಬೇಡ, ಎದೆ ಸುತ್ತು ಮೂವತ್ತೆರಡು, ಬರೆದುಕೋ.

ಒಳಗೆ ದಪ್ಪ ಲೈನಿಂಗ್ ಕೊಡಬೇಕು, ನೆಂದರೆ ಬಿಳಿ ಮೈಗೆ ಅಂಟುತ್ತದೆ, ತೊಟ್ಟಿಯ ಸುತ್ತ ಗಂಡಸರೂ ನಿಂತು ಹಾಡುತ್ತಿರುತ್ತಾರೆ, ಕೆಳಗಿನ ಅಂಚನ್ನು ಅಗಲವಾಗಿ ಎರಡು ಮಡಿಕೆ ಮಡಚಿ ಭಾರ ಮಾಡಬೇಕು, ಇಲ್ಲದಿದ್ದರೆ ನೀರಲ್ಲಿ ಕೊಡೆಯ ಹಾಗೆ ಮೇಲೇಳುತ್ತದೆ, ಅದನ್ನು ಮಾರಕ್ಕನಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಅಕ್ಕಾ, ಒಂದು ಕೇಳ್ಲಾ, ಬೈಯಲ್ಲ ತಾನೆ? ಕೇಳೇ. ನಂಬಿಕೆ ಐತೋ ಇಲ್ವೋ ಅಂತ ನಂಗೇ ಗೊತ್ತಿಲ್ದೆ, ನೀರಲ್ಲಿ ನಿಂತು ಹೌದು ಅಂದ್ಬುಟ್ರೆ, ಅದು ಸುಳ್ಳಾ? ಪಕ್ಕದ ಮೆಷಿನ್ನಿನಲ್ಲಿ ರಾಧಾಮಣಿ, ಅಂಗಡಿಯ ಒಡತಿ, ತಲೆ ಎತ್ತಲಿಲ್ಲ, ಪೆಡಲಿನ ಸದ್ದು ಮಾತ್ರ ಒಂಚೂರು ನಿಧಾನವಾಯಿತು, ಮತ್ತೆ ಮೊದಲಿನಂತಾಯಿತು. ಮಾರಕ್ಕನ ನಾಲಿಗೆಯ ತುದಿಗೇ ಬಂದು ನಿಂತಿದೆ ಮಾತು, ಇಳೀಬ್ಯಾಡ, ಇಷ್ಟೇ, ಒಂದು ಮಾತು ಅಂದರೆ ಸಾಕು, ಇವಳು ಕೇಳುತ್ತಾಳೆ, ಚಿಕ್ಕಂದಿನಿಂದ ಕೇಳಿದ್ದಾಳೆ, ಆಮೇಲೆ ತಿಂಗಳಿಗೊಂದು ಸಲ ಈ ಸ್ಟೂಲಿನ ಮೇಲೆ ಕೂತು ಉಣ್ಣುವವಳು ನನಗೆ ಉಳಿಯುತ್ತಾಳೆ. ಹಾಗೆ ಅನಿಸಿದ ಕೂಡಲೇ ನಾಚಿಕೆಯಾಗುತ್ತದೆ, ಯಾರಿಗಾಗಿ ಹೇಳುವ ಮಾತು ಇದು, ಅವಳಿಗಾಗಿಯೋ ನನ್ನ ಊಟಕ್ಕಾಗಿಯೋ, ಮಾರಕ್ಕ ಟೇಪನ್ನು ಬೆರಳಿಗೆ ಸುತ್ತುತ್ತಾಳೆ, ಬಿಚ್ಚುತ್ತಾಳೆ, ಸುತ್ತುತ್ತಾಳೆ.

ಅಪ್ಪನ ಮುಖವೇ ಕಣ್ಣಿಗೆ ಬರುತ್ತದಲ್ಲ. ಓಬಳಯ್ಯ. ಪಡಿತರ ಚೀಟಿಯಲ್ಲಿ ಇವತ್ತಿಗೂ ಓಬಳಯ್ಯನೇ, ಸಭೆಯಲ್ಲಿ ಯೋಬಯ್ಯ, ಪಾಸ್ಟರ್ ಅಯ್ಯ ಬೈಬಲಿನ ಹೆಸರಿಡುವಾಗ ಹಳೆಯದರಿಂದ ತೀರಾ ದೂರಕ್ಕೆ ಹೋಗುತ್ತಿರಲಿಲ್ಲ, ಮಾರಕ್ಕ ಮಾರ್ಥ ಆದಳು, ಕರೆದರೆ ತಿರುಗಿ ನೋಡಬೇಕಲ್ಲ ಅಂತ ನಗುತ್ತಿದ್ದರು. ಅದಕ್ಕೂ ಮುಂಚೆ ಅಪ್ಪ ಕುಡಿದು ಬಂದು ಉರಿಯುವ ಒಲೆಗೆ ನೀರು ಸುರಿಯುತ್ತಿದ್ದ, ಬುಸ್ ಅಂತ ಹೊಗೆ, ಬೂದಿ, ಕತ್ತಲೆ, ಅಮ್ಮ ಇಬ್ಬರನ್ನೂ ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದಳು. ಊರ ಗುಡಿಯಲ್ಲಿ ನಮ್ಮವರು ನಿಲ್ಲುತ್ತಿದ್ದದ್ದು ದೀಪದ ಕಂಬದ ಆಚೆ. ಸಭೆಯಲ್ಲಿ ಪಾಸ್ಟರ್ ಅಯ್ಯ ತಾನೇ ಚಾಪೆ ಹಾಸಿ, ಮುಂದಕ್ಕೆ ಬಾ ಯೋಬಯ್ಯ, ಇಲ್ಲಿ ಕೂತ್ಕೊ ಅಂದರು. ಮುಂದಕ್ಕೆ ಬಾ ಅಂತ ಅಪ್ಪನಿಗೆ ಅದುವರೆಗೆ ಯಾರೂ ಅಂದಿರಲಿಲ್ಲ. ಕುಡಿತ ನಿಂತೇಹೋಯಿತು. ಆಮೇಲೆ ಹೂವು ನಿಂತಿತು, ಬಳೆ ನಿಂತಿತು, ಟಿವಿ ನಿಂತಿತು, ಜ್ವರ ಬಂದರೆ ಮಾತ್ರೆ ನಿಂತಿತು, ಏಳನೇ ಕ್ಲಾಸಿಗೆ ನನ್ನ ಸ್ಕೂಲೂ ನಿಂತಿತು, ಸರಸ್ವತಿ ಪೂಜೆಗೆ ಕೈ ಮುಗಿಯೋ ಮಗಳಿಗಿಂತ ಓದದ ಮಗಳೇ ವಾಸಿ ಅಂದ. ಒಂದು ಬೆರಳಷ್ಟು ಜಾರಿದರೆ ಮತ್ತೆ ಆ ಒಲೆಯ ಹತ್ತಿರಕ್ಕೇ ಹೋಗಿ ಬೀಳುತ್ತೇನೆ ಅನ್ನುವ ಭಯ ಅಪ್ಪನದು, ಈಗ ಅರ್ಥವಾಗುತ್ತದೆ, ಆಗ ಆಗುತ್ತಿರಲಿಲ್ಲ. ಅದೇ ಅಪ್ಪ ರಾಹಿಯನ್ನು ಪಿಯುಸಿವರೆಗೆ ಬಿಟ್ಟಿದ್ದಾನೆ. ಇದನ್ನೆಲ್ಲ ತಿಪ್ಪೇಶ್ ಮಾವನಿಗೆ ಹೇಳಿದರೆ ತಲೆಗೆ ಹೋಗುತ್ತದಾ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಾಗ ಅಮ್ಮನ ತಮ್ಮ ಜೋರಾಗಿ ಏನಂದ, ಬಿಟ್ಬುಟ್ಟು ಬಂದ್ಯಂತೆ, ಒಳ್ಳೇದಾಯ್ತು ಬುಡು, ಅವ್ರದ್ದೆಲ್ಲ ನಾಟ್ಕ ಕಣಮ್ಮಿ, ನಿಮ್ಮಪ್ಪಂಗೆ ಬುದ್ಧಿ ಇಲ್ಲ, ನಡಿ, ಕುಂಕುಮ ಇಟ್ಕಂಡು ನಮ್ಮನೇಗೆ ಬಾ. ಮಾರಕ್ಕ ಬಸ್ಸಿನಲ್ಲಿ ಕೂತು ಅತ್ತಳು, ಸಭೆಗಾಗಿ ಅಲ್ಲ, ಅಪ್ಪನಿಗಾಗಿ. ಪಾಸ್ಟರ್ ಅಯ್ಯ ಫೋನು ಮಾಡಿ, ಮಾರ್ಥಾ, ನರಕದ ಬೆಂಕಿ ಐತಮ್ಮ ಮುಂದೆ, ಬೆಂಕಿ ಅಂದರು. ಒಬ್ಬರು ಬೆಂಕಿ ತೋರಿಸಿದರು, ಒಬ್ಬರು ಕುಂಕುಮ ತೋರಿಸಿದರು, ನಿನಗೇನಾಯಿತು ಅಂತ ಕೇಳಿದವಳು ರಾಧಕ್ಕ ಒಬ್ಬಳೇ, ಅದೂ ಹಾಗೆ ಕೇಳಲಿಲ್ಲ, ಗಿರಾಕಿಗಳು ರವಿಕೆ ಸರಿಯಿಲ್ಲ ಅಂತ ವಾಪಸ್ಸು ತಂದಾಗ ಏನು ಕೇಳುತ್ತಾಳೋ ಅದನ್ನೇ, ದಾರ ಕಚ್ಚಿ ಕತ್ತರಿಸುತ್ತ, ಎಲ್ಲಿ ಬಿಗಿ ಅನ್ಸುತ್ತೆ ಹೇಳಮ್ಮ. ಅಷ್ಟೇ. ಪೂರ್ತಿ ಬಿಚ್ಚಿಬಿಡು ಅನ್ನಲಿಲ್ಲ, ಹಾಕಿಕೊಂಡರೆ ಸರಿಹೋಗುತ್ತೆ ಅನ್ನಲಿಲ್ಲ. ಉತ್ತರ ಹೇಳುವುದಕ್ಕೆ ಮಾರಕ್ಕನಿಗೆ ನಾಲ್ಕು ತಿಂಗಳು ಬೇಕಾಯಿತು, ರಾಧಕ್ಕ ಎರಡನೇ ಸಲ ಕೇಳಲಿಲ್ಲ.

ಊಟಕ್ಕೆ ಕೂತ್ಕೊಳ್ರೇ, ನಂದು ಈ ಕಾಲರ್ ಮುಗೀಲಿ ಅಂದಳು ರಾಧಾಮಣಿ, ಅವಳ ಕಾಲರ್ ಇನ್ನು ಅರ್ಧ ಗಂಟೆ ಮುಗಿಯುವುದಿಲ್ಲ, ಬೇಕೆಂದೇ. ಸ್ಟೂಲಿನ ಮೇಲೆ ಬಾಕ್ಸು, ಮೊಸರನ್ನ, ಅಮ್ಮ ಕಳಿಸಿದ ಕಡ್ಲೆಕಾಯಿ ಚಟ್ನಿಪುಡಿ, ಕಳಿಸಬಾರದು ಅಂತಲೂ ಬರೆದಿಲ್ಲವಂತೆ. ತಟ್ಟೆಗೆ ಬಡಿಸುವಾಗ ಕೈ ತಡೆಯುತ್ತದೆ, ಯಾಕೆ ತಡೆಯುತ್ತದೆ ಗೊತ್ತು, ಪ್ರತಿ ಸಲವೂ ತಡೆಯುತ್ತದೆ, ಮೂರು ವರ್ಷದ ಹಿಂದಿನ ಆ ಭಾನುವಾರ ಅಮ್ಮನ ಸೌಟು. ರಾಧಕ್ಕನ ಮಗಳಿಗೆ ಹೆಸರಿಡುವ ದಿನ ಯಾರೋ ಮಾರಕ್ಕನ ಮುಡಿಗೆ ಮೊಳ ಮಲ್ಲಿಗೆ ಸಿಕ್ಕಿಸಿದ್ದರು, ತೆಗೆಯಲು ಮರೆತು ಪಾವಗಡದಲ್ಲಿ ಬಸ್ಸಿಳಿದಳು, ಸಭೆಯವರು ಯಾರೋ ನೋಡಿದರು. ಭಾನುವಾರ ಎಲ್ಲರ ಮುಂದೆ ಎದ್ದು ನಿಲ್ಲಿಸಿದರು, ತಪ್ಪಾಯಿತು ಅನ್ನು ಮಾರ್ಥಾ, ಒಂದು ಮಾತು. ಅನ್ನಬೇಕೆಂದೇ ಬಾಯಿ ತೆರೆದಳು. ಎಂಬತ್ತು ಜನ ತಿರುಗಿ ನೋಡುತ್ತಿದ್ದರು, ಮಾರಕ್ಕನಿಗೆ ಅಂಗಡಿಯಲ್ಲಿ ಇಬ್ಬರು ಗಿರಾಕಿ ಒಟ್ಟಿಗೆ ಬಂದರೂ ಮಾತು ಹೊರಡುವುದಿಲ್ಲ, ಬಾಯಿ ಒಣಗಿತು, ತುಟಿ ಅಂಟಿತು. ಸುಮ್ಮನೆ ನಿಂತಳು. ನೋಡಿ, ಹೃದಯ ಕಲ್ಲಾಗಿದೆ ಅಂದರು ಪಾಸ್ಟರ್ ಅಯ್ಯ. ಕಲ್ಲಲ್ಲ ಅಯ್ಯಾ, ನಾಚಿಕೆ, ಅಂತ ಹೇಳುವುದಕ್ಕೂ ಬಾಯೇ ಬೇಕಲ್ಲ. ಮಧ್ಯಾಹ್ನ ಮನೆಯಲ್ಲಿ ಎಲ್ಲರೂ ತಟ್ಟೆಯ ಮುಂದೆ ಕೂತಿದ್ದಾರೆ, ಮುದ್ದೆ ಹಾಕಿ ಆಗಿದೆ, ಅಮ್ಮ ಸೊಪ್ಪಿನ ಸಾರು ಬಡಿಸುತ್ತ ಬರುತ್ತಿದ್ದಾಳೆ, ಅಪ್ಪ ಹೇಳುತ್ತಾನೆ, ಅವಳಿಗೆ ಬ್ಯಾಡ. ಗದರಿಸಿ ಅಲ್ಲ. ತನ್ನ ತಟ್ಟೆಯನ್ನೇ ನೋಡುತ್ತ, ಮೆಲ್ಲಗೆ. ಅಮ್ಮನ ಸೌಟು ತಟ್ಟೆಯ ಮೇಲೆ ಗಾಳಿಯಲ್ಲೇ ನಿಂತಿತು, ತುದಿಯಲ್ಲಿ ಒಂದು ಹನಿ ಸಾರು ದಪ್ಪಗಾಗುತ್ತ ದಪ್ಪಗಾಗುತ್ತ — ಆಮೇಲೆ ಮಾರಕ್ಕ ಎದ್ದು ಹೊರಗೆ ಹೋಗಿ, ಉಣ್ಣದ ಕೈ ತೊಳೆದುಕೊಂಡಳು.

ಅಕ್ಕಾ, ಏನಾರಾ ಹೇಳು ಅಂದಳು ರಾಹೇಲ, ಅನ್ನ ಕಲಸುತ್ತಲೇ ಇದ್ದಾಳೆ, ಬಾಯಿಗೆ ಇಟ್ಟಿಲ್ಲ. ಎಲ್ಲಿ ಬಿಗಿ ಅನ್ಸುತ್ತೆ ರಾಹಿ? ಏನು, ಈ ಚೂಡಿದಾರಾ? ಅಲ್ಲ ಕಣೆ, ಸಭೆ. ತಂಗಿ ಕಣ್ಣು ಮೇಲೆತ್ತಿ ನೋಡಿದಳು, ಅವಳನ್ನೂ ಇದುವರೆಗೆ ಯಾರೂ ಹೀಗೆ ಕೇಳಿರಲಿಲ್ಲ ಅಂತ ಕಾಣುತ್ತದೆ, ಕಲಸಿದ ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿದಳು, ಮತ್ತೆ ನಡುವಿಗೆ ಎಳೆದಳು, ಮಾರಕ್ಕ ಎರಡನೇ ಸಲ ಕೇಳಲಿಲ್ಲ. ಪ್ರಾರ್ಥನೆ ಅಲ್ಲ ಅಕ್ಕ, ರಾತ್ರಿ ಮಲಗೋ ಮುಂಚೆ ನಾನು ಮಾಡ್ತೀನಿ, ಮಾಡದಿದ್ರೆ ನಿದ್ದೆ ಬರಲ್ಲ. ಹಾಡೂ ಅಲ್ಲ, ತೆಲುಗು ಹಾಡು ಬಂದ್ರೆ ನಂಗೆ ಅಳು ಬರುತ್ತೆ. ಯೇಸುಸ್ವಾಮಿ ಅಂತೂ ಅಲ್ಲವೇ ಅಲ್ಲ. ಲೋಕದವರು ಅಂತಾರಲ್ಲ, ಅದು. ಒಂದು ಭಾನುವಾರ ದೇವರಿಗೆ ಲೋಕದ ಮೇಲೆ ಎಷ್ಟು ಪ್ರೀತಿ ನೋಡ್ರಿ ಅಂತಾರೆ, ಇನ್ನೊಂದು ಭಾನುವಾರ ನೀವು ಲೋಕಾನ ಪ್ರೀತಿಸ್ಬ್ಯಾಡ್ರಿ ಅಂತಾರೆ, ದೇವ್ರೇ ಪ್ರೀತಿ ಮಾಡಿದ್ನ ನಾವ್ಯಾಕೆ ಬ್ಯಾಡ ಅನ್ಬೇಕು ಅಂತ ಕೇಳ್ದೆ, ಅಪ್ಪ ಎದ್ದು ಹೊರಗೆ ಹೋಯ್ತು. ನೀರಿಂದ ಮೇಲೆ ಬಂದ ತಕ್ಷಣ ನೀನು ನಂಗೆ ಲೋಕದವಳು. ಅದನ್ನ ನಾನು ಹೆಂಗೆ ಹೌದು ಅನ್ಲಿ. ಹೇಳಿ ಮುಗಿಸಿ ಮೂಗು ಎಳೆದುಕೊಂಡಳು. ಮಾರಕ್ಕನಿಗೆ ಎದ್ದು ಹೋಗಿ ಅವಳನ್ನು ಅಪ್ಪಿಕೊಳ್ಳಬೇಕು ಅನಿಸಿತು, ಎದ್ದರೆ ಮಾತು ಕೆಡುತ್ತದೆ, ಕೂತೇ ಇದ್ದಳು. ನನ್ನ ದೀಕ್ಷಾಸ್ನಾನದ ದಿನ ಏನಾಯ್ತು ಗೊತ್ತಾ ಅಂದಳು, ಇದುವರೆಗೆ ಯಾರಿಗೂ ಹೇಳದ್ದು, ಹದಿನಾಲ್ಕು ವರ್ಷ ನಂಗೆ, ಆಗೆಲ್ಲ ಬೇಗ ಇಳಿಸ್ತಿದ್ರು, ಅಮ್ಮನ ಬಿಳಿ ಲಂಗ, ನೀರಿಗೆ ಇಳಿದ ತಕ್ಷಣ ಬುಸ್ ಅಂತ ಮೇಲಕ್ಕೆ ಎದ್ಬುಡ್ತು, ಎರಡು ಕೈಲೂ ಒತ್ತಿ ಹಿಡ್ಕಂಡಿದೀನಿ, ಈ ಕಡೆ ಒತ್ತಿದ್ರೆ ಆ ಕಡೆ ಏಳುತ್ತೆ, ಪಾಸ್ಟರ್ ಅಯ್ಯ ಏನೋ ಕೇಳಿದ್ರು, ಏನು ಕೇಳಿದ್ರೋ ದೇವ್ರಾಣೆ ಕೇಳಿಸ್ಲಿಲ್ಲ, ಬೇಗ ಮುಗೀಲಿ ಅಂತ ಹೌದು ಹೌದು ಅಂತ ಎರಡು ಸಲ ಅಂದ್ಬುಟ್ಟೆ. ಎಷ್ಟು ಗಟ್ಟಿ ನಂಬಿಕೆ ನೋಡ್ರಿ ಅಂತ ಎಲ್ರೂ ಹಲ್ಲೆಲೂಯ ಅಂದ್ರು. ಆಗಷ್ಟೇ ತುತ್ತು ಬಾಯಿಗಿಟ್ಟಿದ್ದ ರಾಹೇಲ ಮೊದಲು ಬಾಯಿ ಮುಚ್ಚಿಕೊಂಡಳು, ಆಮೇಲೆ ಆಗಲಿಲ್ಲ, ನಕ್ಕಳು, ಅನ್ನ ನೆತ್ತಿಗೇರಿತು, ಆ ಮೆಷಿನ್ನಿನ ಹಿಂದೆ ರಾಧಾಮಣಿಯ ಹೆಗಲೂ ಅಲುಗುತ್ತಿದೆ, ಕಳ್ಳಿ, ಎಲ್ಲ ಕೇಳಿಸಿಕೊಂಡಿದ್ದಾಳೆ. ನಗು ಇಳಿದ ಮೇಲೆ ರಾಹೇಲ ಮೆಲ್ಲಗೆ ಕೇಳಿದಳು, ಹಂಗಾದ್ರೆ ನಾನು ಇಳೀಲಾ ಬ್ಯಾಡ್ವಾ, ನೀನೇ ಹೇಳ್ಬುಡು. ಮತ್ತೆ ನಾಲಿಗೆಯ ತುದಿಯಲ್ಲಿ ಅದೇ ಮಾತು, ಮಾರಕ್ಕ ಅದನ್ನು ಮೊಸರನ್ನದ ಜೊತೆ ನುಂಗಿದಳು. ಬಟ್ಟೆ ನಾನು ಹೊಲಿದಿಡ್ತೀನಿ ರಾಹಿ, ಚೆನ್ನಾಗಿ ಹೊಲೀತೀನಿ, ಮೇಲೇಳ್ದಂಗೆ. ಯಾವತ್ತು ಹಾಕ್ಕಂತೀಯ, ಹಾಕ್ಕಂತೀಯೋ ಇಲ್ವೋ, ನಿಂಗೆ ಬಿಟ್ಟಿದ್ದು. ಇಳಿದ್ರೂ ನೀನು ನಮ್ಮ ರಾಹಿನೇ. ಪ್ರಶ್ನೆ ಮಾತ್ರ ಸರಿಯಾಗಿ ಕೇಳಿಸ್ಕಂಡು ಉತ್ತರ ಹೇಳು. ಅಪ್ಪಂಗೇನು ಹೇಳ್ಲಿ? ನಿಂಗೆ ಗೊತ್ತಿರೋದನ್ನ. ಇನ್ನೂ ಗೊತ್ತಿಲ್ಲ ಅನ್ನೋದಷ್ಟೇ ಗೊತ್ತಿರೋದು. ಅದೂ ಗೊತ್ತಿರೋದೇ ತಾನೆ.

ಆಗಲೇ ಫೋನು ಹೊಡೆದುಕೊಂಡಿತು, ಬಟ್ಟೆಗಳ ರಾಶಿಯ ಮೇಲೆ ರಾಹೇಲಳ ಫೋನು, ಅಪ್ಪ. ಅವಳ ಕೈ ಎಂಜಲು, ಒತ್ತು ಅಕ್ಕ, ಸ್ಪೀಕರಿಗೆ ಹಾಕು ಅಂದಳು, ಮಾರಕ್ಕ ಒತ್ತಿದಳು, ಒತ್ತಿದ ಬೆರಳು ಅಲ್ಲೇ ಉಳಿಯಿತು. ಅಳತೆ ಕೊಟ್ಯೇನಮ್ಮ. ಕೊಟ್ಟೆ ಅಪ್ಪ. ಯಾವ ಬಸ್ಸಿಗೆ ಬತ್ತೀಯ. ಮೂರೂವರೆದು, ಅಪ್ಪಾ, ಒಂದು ಮಾತು. ಏನು. ಈ ಭಾನುವಾರ ನಾನು ಇಳಿಯಲ್ಲ ಅಪ್ಪ. ಬ್ಯಾಡ ಅಂತಲ್ಲ. ಇನ್ನೂ ಗೊತ್ತಿಲ್ಲ ನಂಗೆ, ಗೊತ್ತಿಲ್ದೆ ಹೌದು ಅಂದ್ರೆ ಸುಳ್ಳಾಗುತ್ತೆ. ಆ ಕಡೆ ಯಾವುದೋ ಮೇಕೆ ಅರಚಿತು, ದೂರದಲ್ಲಿ ಟ್ರ್ಯಾಕ್ಟರ್, ಅಪ್ಪ ಹೊಲದಲ್ಲಿದ್ದಾನೆ, ತಲೆಯ ಟವೆಲ್ಲು ತೆಗೆದು ಮುಖ ಒರೆಸಿಕೊಳ್ಳುತ್ತಿದ್ದಾನೆ, ನೋಡದಿದ್ದರೂ ಕಾಣುತ್ತದೆ. ನಿಮ್ಮಕ್ಕ ಹೇಳ್ಕೊಟ್ಳಾ. ಇಲ್ಲಪ್ಪ, ಅಕ್ಕ ಇಳೀಬ್ಯಾಡ ಅನ್ಲಿಲ್ಲ, ಇಳಿ ಅಂತಾನೂ ಅನ್ಲಿಲ್ಲ, ನಾನು ಹೇಳಿದ್ನ ಕೇಳಿಸ್ಕಂಡ್ಳು. ಟ್ರ್ಯಾಕ್ಟರಿನ ಸದ್ದು ಹತ್ತಿರ ಬಂದು ದೂರ ಹೋಯಿತು. ಈಗ ಕೂಗುತ್ತಾನೆ, ಈಗ ಇಟ್ಟುಬಿಡುತ್ತಾನೆ, ಪಾಸ್ಟರ್ ಅಯ್ಯನಿಗೆ ಹೇಳುತ್ತಾನೆ, ಇವಳನ್ನೂ ಎದ್ದು ನಿಲ್ಲಿಸುತ್ತಾರೆ, ನನ್ನಿಂದ, ನನ್ನಿಂದಲೇ ಆಯಿತು, ಮಾರಕ್ಕನ ಬಾಯಿ ಒಣಗುತ್ತಿದೆ, ತುಟಿ ಅಂಟುತ್ತಿದೆ. ಪಾಸ್ಟರ್ ಅಯ್ಯಂಗೆ ನಾನು ಹೇಳ್ತೀನಿ ಬುಡು ಅಂದ ಅಪ್ಪ, ಅವತ್ತಿನ ಅದೇ ಮೆಲ್ಲನೆ ದನಿ, ಸುಳ್ಳು ಹೇಳೋದು ಬ್ಯಾಡ. ಆಮೇಲೆ ಕೆಮ್ಮಿದ. ಆಮೇಲೆ, ಇಟ್ಟುಬಿಡುವ ಮುಂಚೆ, ಊಟ ಆಯ್ತಾ ನಿಮ್ದು? ರಾಹೇಲ ಹೂಂ ಅಪ್ಪ, ಆಗ್ತಾ ಐತೆ ಅಂತಿದ್ದಾಳೆ, ಅವಳಿಗೆ ಕೇಳಿಸಲಿಲ್ಲವಾ, ನಿಮ್ದು ಅಂದ, ನಿಂದು ಅನ್ನಲಿಲ್ಲ, ಮಗಳೊಬ್ಬಳನ್ನೇ ಕೇಳುವುದಾದರೆ ಊಟ ಆಯ್ತಾ ನಿಂದು ಅಂತಾನೆ, ಯಾವಾಗಲೂ ನಿಂದು ಅಂತಲೇ ಅನ್ನುವುದು, ನಿಮ್ದು ಅಂದರೆ ಇಬ್ಬರದು, ಬಾಯಿ ತಪ್ಪಿ ಬಂತೋ ಏನೋ, ಇಲ್ಲ, ಕೆಮ್ಮಿ ಆಮೇಲೆ ಅಂದದ್ದು, ನಿಮ್ದು, ಮೂರು ವರ್ಷದ ಮೇಲೆ, ಹೂಂ ಅಪ್ಪ ಅಂತ ಹೇಳಬೇಕು ನಾನು, ಹೇಳು, ಫೋನು ಇನ್ನೂ ಬೆಳಗುತ್ತಿದೆ, ಹೇಳು ಮಾರಕ್ಕ — ಅಮ್ಮನ ಸೌಟು, ತಟ್ಟೆಯ ಮೇಲೆ, ಗಾಳಿಯಲ್ಲಿ, ತುದಿಯಲ್ಲಿ ಒಂದು ಹನಿ ಸಾರು, ದಪ್ಪಗಾಗಿ, ಇನ್ನೇನು.